ಕೀವರ್ಡ್ ಬಿಟ್ಟು ಉಲ್ಲೇಖಗಳ ಬೆನ್ನು ಹತ್ತಿದ ನನ್ನ ಅನುಭವ

ಒಂದು ವಿಷಯದ ಮೇಲಿನ ಸಂಶೋಧನೆಗಳನ್ನೆಲ್ಲ ಹುಡುಕಿ ಒಟ್ಟುಗೂಡಿಸಿದ ನಮ್ಮ ರಿವ್ಯೂ ಪೇಪರ್‌ಗೆ ಕೊನೆಗೂ ಒಪ್ಪಿಗೆ ಸಿಕ್ಕಿತು. ಅದಕ್ಕೆ ಪೇಪರ್ ಹುಡುಕಿದ್ದು ಕೀವರ್ಡ್ ಹಾಕಿ ಅಲ್ಲ, ಒಂದು ಪೇಪರ್ ಇನ್ನೊಂದನ್ನು ಉಲ್ಲೇಖಿಸುವ ಜಾಡು ಹಿಡಿದು. "ಹೀಗೆಲ್ಲ ಪೇಪರ್ ಹುಡುಕಿದರೆ ಯಾವ ಜರ್ನಲ್ಲೂ ಮುಟ್ಟಲ್ಲ" ಅಂದವರು ಮೂರ್ನಾಲ್ಕು ಜನ ಇದ್ದರು. ಅವರಲ್ಲಿ ಇಬ್ಬರು ಈಗ "ಹೇಗೆ ಮಾಡಿದಿರಿ, ಸ್ವಲ್ಪ ಬರೆದು ಕಳಿಸಿ" ಅಂತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ನಮ್ಮದು ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಪೇಪರ್‌ಗಳನ್ನು ಹುಡುಕಿ, ಆರಿಸಿ ಬರೆಯುವಂಥದ್ದು.

ನಮ್ಮ ಪ್ರಶ್ನೆ ಕೇಳಲು ಸುಲಭ. ಗಂಟೆಗಟ್ಟಲೆ ಒಂದನ್ನೇ ನೋಡುತ್ತ ಕೂತವರಿಗೆ ಅಪರೂಪಕ್ಕೆ ಬರುವ ವಸ್ತು ಯಾಕೆ ಕಣ್ತಪ್ಪುತ್ತದೆ? ತೊಂದರೆ ಏನೆಂದರೆ ಇದು ಒಂದು ಶಾಖೆಯ ಪ್ರಶ್ನೆ ಅಲ್ಲ. ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ರಾಡಾರ್ ನೋಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಗಡಿಯಾರದ ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುವುದನ್ನು ಹಿಡಿಯುವ ಪ್ರಯೋಗ ಮಾಡಿದರು. ಮನಶ್ಶಾಸ್ತ್ರದವರು ಅದನ್ನು ಹಿಡಿದುಕೊಂಡು ಹೊರಟರು. ಐಸಿಯು ನರ್ಸ್‌ಗಳ ಮೇಲೆ ಕೆಲಸ ಮಾಡುವವರು ಅಲಾರಂ ಫಟೀಗ್ ಅಂತಾರೆ, ಅಂದರೆ ಅಲಾರಂ ಕೇಳಿ ಕೇಳಿ ಗಮನವೇ ಹೋಗದಂತಾಗುವುದು. ಸೈಬರ್ ಸೆಕ್ಯುರಿಟಿಯವರದು ಅಲರ್ಟ್ ಫಟೀಗ್. ಕಾರ್ಖಾನೆಯ ಕ್ವಾಲಿಟಿ ವಿಭಾಗದವರು, ಎಕ್ಸ್‌ರೇ ಓದುವವರು, ಏರ್‌ಪೋರ್ಟ್ ಬ್ಯಾಗ್ ನೋಡುವವರು, ಎಲ್ಲರಿಗೂ ಅವರವರದೇ ಜರ್ನಲ್, ಅವರವರದೇ ಮಾತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದೇ ಕಡಿಮೆ.

ಮೊದಲು ಎಲ್ಲರೂ ಮಾಡುವ ಹಾಗೆಯೇ ಮಾಡಿದೆವು. ಐದು ಡೇಟಾಬೇಸ್, ಉದ್ದುದ್ದ ಸರ್ಚ್ ಸ್ಟ್ರಿಂಗ್, ಎಷ್ಟು ಪೇಪರ್ ಸಿಕ್ಕಿತು, ಎಷ್ಟು ಬಿಟ್ಟೆವು ಅಂತ ತೋರಿಸುವ ಪ್ರಿಸ್ಮಾ ಫ್ಲೋ ಚಾರ್ಟ್. ಡೂಪ್ಲಿಕೇಟ್ ತೆಗೆದ ಮೇಲೂ ಸುಮಾರು 18,500 ದಾಖಲೆ ಉಳಿಯಿತು. 'ಅಲಾರಂ' ಅಂತ ಹಾಕಿದರೆ ಬೆಂಕಿ ಅಲಾರಂ, ಪಕ್ಷಿಗಳ ಅಲಾರಂ ಕೂಗು, ಎಲ್ಲ ಬಂದು ಬೀಳುತ್ತದೆ. ಸ್ಟ್ರಿಂಗ್ ಬಿಗಿ ಮಾಡಿದರೆ ನಮಗೆ ಗೊತ್ತಿರುವ ಮುಖ್ಯ ಪೇಪರ್‌ಗಳೇ ಮಾಯ. ಯಾವುದು ಬೇಕು, ಯಾವುದು ಬೇಡ ಅಂತ ಆರಿಸಲು ಇಬ್ಬರು ಸಹಾಯಕರನ್ನು ಗಂಟೆ ಲೆಕ್ಕದಲ್ಲಿ ಇಟ್ಟುಕೊಂಡೆವು. ಗ್ರಾಂಟಿನ ಮೂರರಲ್ಲೊಂದು ಪಾಲು ಅಲ್ಲೇ ಕರಗಿತು. ಕೊನೆಗೆ ಇಬ್ಬರ ತೀರ್ಮಾನ ಹೋಲಿಸಿ ನೋಡಿದರೆ ಹೊಂದಾಣಿಕೆ ಅಳೆಯುವ ಕಪ್ಪಾ (1 ಅಂದರೆ ಪೂರ್ತಿ ಹೊಂದಿಕೆ) 0.4ರ ಆಸುಪಾಸು. ಅಷ್ಟು ದುಡ್ಡಿಗೆ ಇಷ್ಟೇನಾ ಅಂತ ಹೊಟ್ಟೆ ಉರಿಯಿತು. ಹುಡುಗರು ಸೋಮಾರಿಗಳಲ್ಲ, ಇಬ್ಬರೂ ಚುರುಕು. ಶುರುವಿನ ಒಂದೆರಡು ಸಾವಿರ ಶೀರ್ಷಿಕೆಯಲ್ಲಿ ಇಬ್ಬರ ತೀರ್ಮಾನ ಚೆನ್ನಾಗಿಯೇ ಹೊಂದಿತ್ತು. ಆಮೇಲೆ ಇಳಿಯುತ್ತಾ ಹೋಯಿತು.

ಆಗ ತಲೆಗೆ ಹೊಳೆಯಿತು: ನಾವು ಓದುತ್ತಿರುವುದೇ ಇದರ ಬಗ್ಗೆ ಅಲ್ವಾ? ಜೆರೆಮಿ ವುಲ್ಫ್ ತಂಡದವರು 2005ರಲ್ಲಿ ನೇಚರ್ ಜರ್ನಲ್‌ನಲ್ಲಿ ಬರೆದದ್ದು ನಿಮಗೆ ನೆನಪಿರಬಹುದು. ಹುಡುಕುವ ವಸ್ತು ಅರ್ಧ ಚಿತ್ರಗಳಲ್ಲಿ ಇದ್ದಾಗ ಜನ ಸುಮಾರು 7% ಬಿಟ್ಟರು. ನೂರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ ಸುಮಾರು 30% ಬಿಟ್ಟರು. ನಮ್ಮ ರಾಶಿಯಲ್ಲಿ ಕೆಲಸಕ್ಕೆ ಬರುವುದು ಇನ್ನೂರಕ್ಕೆ ಒಂದು. ಬ್ಯಾಗ್ ನೋಡುವವರ ಗತಿಯೇ ನಮ್ಮ ಹುಡುಗರಿಗೂ.

ಗುಮಾನಿ ಸಾಕಾಗುವುದಿಲ್ಲ, ಅಳೆದು ನೋಡಬೇಕು. ಏರ್‌ಪೋರ್ಟ್‌ಗಳಲ್ಲಿ ಥ್ರೆಟ್ ಇಮೇಜ್ ಪ್ರೊಜೆಕ್ಷನ್ ಅಂತ ಮಾಡುತ್ತಾರೆ. ನಿಜವಾದ ಬ್ಯಾಗಿನ ಎಕ್ಸ್‌ರೇ ಮೇಲೆ ಸುಳ್ಳು ಬಂದೂಕಿನ ಚಿತ್ರ ಕೂರಿಸಿ, ನೋಡುವವರು ಹಿಡಿಯುತ್ತಾರಾ ಅಂತ ಪರೀಕ್ಷಿಸುವುದು. ಅದನ್ನೇ ಎತ್ತಿಕೊಂಡೆ. ಖಂಡಿತ ಬೇಕಾಗುವ ಸುಮಾರು 40 ಪೇಪರ್‌ಗಳನ್ನು ಹೊಸ ರಾಶಿಯೊಂದರಲ್ಲಿ ಅಲ್ಲಲ್ಲಿ ಸೇರಿಸಿದೆ. ಸೇರಿಸಿದ್ದೇನೆ ಅಂತ ಇಬ್ಬರಿಗೂ ಮೊದಲೇ ಹೇಳಿದ್ದೆ, ಎಲ್ಲಿ ಅಂತ ಹೇಳಿರಲಿಲ್ಲ. ಒಬ್ಬ ಸುಮಾರು 30 ಹಿಡಿದ, ಇನ್ನೊಬ್ಬಳು ಅದಕ್ಕಿಂತ ಸ್ವಲ್ಪ ಕಡಿಮೆ. ಎಚ್ಚರಿಸಿದ ಮೇಲೂ ಇಷ್ಟು! 2013ರ ಒಂದು ಅಧ್ಯಯನದಲ್ಲಿ ಶ್ವಾಸಕೋಶದ ಸಿಟಿ ಚಿತ್ರದೊಳಗೆ ಗೊರಿಲ್ಲಾ ಚಿತ್ರ ಇಟ್ಟರೂ 24 ರೇಡಿಯಾಲಜಿಸ್ಟ್‌ಗಳಲ್ಲಿ 20 ಜನಕ್ಕೆ ಕಾಣಿಸಲಿಲ್ಲ. ಅದನ್ನು ಹುಡುಗರಿಗೆ ತೋರಿಸಿದ ಮೇಲೆ ಅವರ ಮುಖ ಸ್ವಲ್ಪ ಗೆಲುವಾಯಿತು.

ಇಲ್ಲಿಂದ ದಾರಿ ಬದಲಿಸಿದೆ. ಕೀವರ್ಡ್ ರಾಶಿ ಪಕ್ಕಕ್ಕಿಟ್ಟು, ಗ್ಯಾರಂಟಿ ಇರುವ ಕೆಲವು ಪೇಪರ್‌ಗಳಿಂದ ಶುರು ಮಾಡಿ ಅವುಗಳ ಉಲ್ಲೇಖಪಟ್ಟಿಗೆ ಹಿಂದಕ್ಕೆ, ಅವನ್ನು ಉಲ್ಲೇಖಿಸಿದವುಗಳಿಗೆ ಮುಂದಕ್ಕೆ. ಇದಕ್ಕೆ ಸ್ನೋಬಾಲಿಂಗ್ ಅಂತಾರೆ. ಹೊಸದೇನಲ್ಲ. ಸಾಫ್ಟ್‌ವೇರ್ ಎಂಜಿನಿಯರಿಂಗ್‌ನವರಿಗಾಗಿ ವೋಹ್ಲಿನ್ 2014ರಲ್ಲೇ ಕ್ರಮ ಬರೆದಿಟ್ಟಿದ್ದಾರೆ. ಆದರೆ ಇದನ್ನು ಊಟದ ಮೇಲಿನ ಉಪ್ಪಿನಕಾಯಿಯ ಹಾಗೆ ಕೊನೆಗೆ ಒಂಚೂರು ಹಾಕುತ್ತಾರೆ. ಇದೇ ಮುಖ್ಯ ಹುಡುಕಾಟ ಅಂದಾಗ ಹಿರಿಯರೊಬ್ಬರು "ಇದು ಸಿಸ್ಟಮ್ಯಾಟಿಕ್ ಅಲ್ಲ, ಗೆಳೆಯರ ಬಳಗ ಹುಡುಕಿದ ಹಾಗೆ" ಅಂದರು. ಗ್ರೀನ್‌ಹಾಲ್ ಮತ್ತು ಪೀಕಾಕ್ 2005ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಜರ್ನಲ್‌ನಲ್ಲಿ ಬರೆದ ಪೇಪರ್ ಮುಂದಿಟ್ಟೆ. ಅವರ ದೊಡ್ಡ ರಿವ್ಯೂನಲ್ಲಿ ಮೊದಲೇ ಬರೆದುಕೊಂಡ ಸರ್ಚ್‌ನಿಂದ ಸಿಕ್ಕದ್ದು 30% ಮಾತ್ರ, ಸ್ನೋಬಾಲಿಂಗ್‌ನಿಂದ 51%. ಹಿರಿಯರು ಒಪ್ಪಲಿಲ್ಲ, ಸುಮ್ಮನಾದರು ಅಷ್ಟೇ.

ಕೆಲಸಕ್ಕೆ ಬಳಸಿದ್ದು ಓಪನ್‌ಅಲೆಕ್ಸ್, ಯಾವ ಪೇಪರ್ ಯಾವುದನ್ನು ಉಲ್ಲೇಖಿಸಿದೆ ಅಂತ ತೋರಿಸುವ ಡೇಟಾಬೇಸ್. ಇಂಥದ್ದೇ ಮೈಕ್ರೋಸಾಫ್ಟ್ ಅಕಾಡೆಮಿಕ್ ಮುಚ್ಚಿದ ಮೇಲೆ 2022ರಲ್ಲಿ ಶುರುವಾದದ್ದು. ಬಿಟ್ಟಿ ಡೇಟಾ, ಅದನ್ನು ಪ್ರೋಗ್ರಾಂ ಮೂಲಕ ತರಿಸಿಕೊಳ್ಳಲು ಎಪಿಐ ಇದೆ, ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಸಾಕು. ಗೂಗಲ್ ಸ್ಕಾಲರ್ ಇದಕ್ಕೆ ಆಗಿಬರುವುದಿಲ್ಲ, ಸಾವಿರದ ಮೇಲೆ ಫಲಿತಾಂಶ ತೋರಿಸುವುದೇ ಇಲ್ಲ. ಓಪನ್‌ಅಲೆಕ್ಸ್‌ಗೂ ಹುಳುಕಿದೆ: ಹಳೆಯ ಸಮ್ಮೇಳನ ಪೇಪರ್‌ಗಳ ಉಲ್ಲೇಖಪಟ್ಟಿ ಎಷ್ಟೋ ಕಡೆ ಖಾಲಿ. ಅಂಥವನ್ನು ಪಿಡಿಎಫ್ ತೆರೆದು ಕೈಯಲ್ಲೇ ಮಾಡಿದೆವು. ಬೇಜಾರಿನ ಕೆಲಸ, ಆದರೆ ಒಳ್ಳೆಯ ಮಾಲು ಅಲ್ಲೇ ಸಿಕ್ಕಿದ್ದು.

ನಾಲ್ಕು ಸುತ್ತಿಗೆ ಹೊಸದು ಬರುವುದು ನಿಂತಿತು. ಒಟ್ಟು ನೋಡಿದ ಶೀರ್ಷಿಕೆ 2,600ರ ಹತ್ತಿರ, ಕೆಲಸಕ್ಕೆ ಬಂದದ್ದು ನೂರಕ್ಕೆ ಸ್ವಲ್ಪ ಕಡಿಮೆ. ಇನ್ನೂರಕ್ಕೆ ಒಂದು ಇದ್ದದ್ದು ನೂರಕ್ಕೆ ನಾಲ್ಕರ ಹತ್ತಿರ ಬಂತು. ಮೊದಲ ಸುತ್ತಿನಲ್ಲಂತೂ ಆರಕ್ಕೆ ಒಂದು. ಅದೇ ಇಬ್ಬರು ಹುಡುಗರು, ಕಪ್ಪಾ 0.75 ದಾಟಿತು. ಖರ್ಚು ಕೀವರ್ಡ್ ಹುಡುಕಾಟದ ಐದರಲ್ಲೊಂದು ಪಾಲೂ ಆಗಲಿಲ್ಲ. ಅದರಲ್ಲೂ ಜಾಸ್ತಿ ಹೋದದ್ದು ಹಳೆಯ ಸಮ್ಮೇಳನ ಸಂಪುಟಗಳಿಗೆ. ಬೀಗ ಹಾಕಿದ ಪೇಪರ್‌ಗಳಿಗೆ ದುಡ್ಡು ಕೊಡಬೇಡಿ, ಬರೆದವರಿಗೇ ಮೇಲ್ ಹಾಕಿ. ಹೆಚ್ಚಿನವರು ಖುಷಿಯಿಂದ ಕಳಿಸುತ್ತಾರೆ, ಕೆಲವರು ಕೇಳದೆ ಇದ್ದದ್ದನ್ನೂ ಕಳಿಸುತ್ತಾರೆ.

ನಡುವೆ ಎಎಸ್‌ರಿವ್ಯೂ ಕೂಡ ಓಡಿಸಿ ನೋಡಿದೆ. ಯಾವುದು ಬೇಕಾದೀತು ಅಂತ ಯಂತ್ರವೇ ಕಲಿತು, ಅಂಥ ಪೇಪರ್‌ಗಳನ್ನು ಪಟ್ಟಿಯ ಮೇಲಕ್ಕೆ ತರುವ ಸಾಧನ. ಹೊಸ ವೈದ್ಯಕೀಯ ಪೇಪರ್‌ಗಳಲ್ಲಿ ಸೊಗಸಾಗಿ ಕೆಲಸ ಮಾಡಿತು. ಆದರೆ 1950-60ರ ಪೇಪರ್‌ಗಳನ್ನು ತಳಕ್ಕೆ ತಳ್ಳಿಬಿಟ್ಟಿತು. ಕಾರಣ ಸರಳ: ವೈದ್ಯಕೀಯ ಪೇಪರ್‌ಗಳ ಡೇಟಾಬೇಸ್ ಮೆಡ್‌ಲೈನ್‌ನಲ್ಲಿ 1975ಕ್ಕಿಂತ ಹಿಂದಿನ ದಾಖಲೆಗಳಿಗೆ ಸಾಮಾನ್ಯವಾಗಿ ಸಾರಾಂಶವೇ ಇಲ್ಲ. ಬರೀ ಶೀರ್ಷಿಕೆ ನೋಡಿ ಅದು ಏನು ಕಲಿಯುತ್ತದೆ ಪಾಪ. ನಿಮ್ಮ ವಿಷಯ ಹೊಸದಾದರೆ ಧಾರಾಳವಾಗಿ ಬಳಸಿ.

ನಮ್ಮ ಪೇಪರ್ ಪರಿಶೀಲಿಸಿದ ಜರ್ನಲ್ ರಿವ್ಯೂವರ್ ಕೇಳಿದ ಪ್ರಶ್ನೆ ಗಟ್ಟಿಯಾಗಿತ್ತು: "ಎಷ್ಟು ಬಿಟ್ಟುಹೋಗಿದೆ ಅಂತ ಹೇಗೆ ಗೊತ್ತು?" ಇದಕ್ಕೆ ಉತ್ತರ ಪರಿಸರ ವಿಜ್ಞಾನದವರಿಂದ ಕದ್ದದ್ದು. ಕೆರೆಯಲ್ಲಿ ಎಷ್ಟು ಮೀನು ಅಂತ ತಿಳಿಯಲು ಕೆಲವನ್ನು ಹಿಡಿದು, ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು ನೋಡುತ್ತಾರಲ್ಲ, ಆ ಲಿಂಕನ್-ಪೀಟರ್ಸನ್ ಲೆಕ್ಕ. ಹುಡುಗರಿಬ್ಬರಿಗೂ ಬೇರೆ ಬೇರೆ ಆರಂಭದ ಪೇಪರ್ ಕೊಟ್ಟು ಪ್ರತ್ಯೇಕವಾಗಿ ಬಿಟ್ಟಿದ್ದೆ. ಒಬ್ಬನಿಗೆ 84, ಇನ್ನೊಬ್ಬಳಿಗೆ 62, ಇಬ್ಬರಿಗೂ ಸಿಕ್ಕದ್ದು 49. ಒಟ್ಟು 97 ಕೈಯಲ್ಲಿ. 84ನ್ನು 62ರಿಂದ ಗುಣಿಸಿ 49ರಿಂದ ಭಾಗಿಸಿದರೆ 106. ಅಂದರೆ ಒಂಬತ್ತೋ ಹತ್ತೋ ಹೊರಗಿವೆ. ಹೆಸರಾಂತ ಪೇಪರ್‌ಗಳು ಇಬ್ಬರಿಗೂ ಸುಲಭವಾಗಿ ಸಿಗುವುದರಿಂದ ನಿಜವಾದ ಸಂಖ್ಯೆ ಇನ್ನೂ ಸ್ವಲ್ಪ ಜಾಸ್ತಿಯೇ ಇರಬೇಕು, ಅದನ್ನೂ ಬರೆದೆವು. ಪಕ್ಕಕ್ಕಿಟ್ಟ ಕೀವರ್ಡ್ ರಾಶಿಯಿಂದ ಆರಿಸಿದ್ದನ್ನು ತಾಳೆ ನೋಡಿದಾಗ ನಮ್ಮಲ್ಲಿ ಇಲ್ಲದವು ನಾಲ್ಕೇ ನಾಲ್ಕು. ಅವನ್ನೂ ಸೇರಿಸಿದೆವು. ಈ ಲೆಕ್ಕ ನೋಡಿ ರಿವ್ಯೂವರ್ ಸುಮ್ಮನಾದದ್ದಷ್ಟೇ ಅಲ್ಲ, ಹೊಗಳಿ ಒಂದು ಸಾಲು ಬರೆದರು. ಆ ಸಾಲನ್ನು ಪ್ರಿಂಟ್ ತೆಗೆದು ಲ್ಯಾಬಿನಲ್ಲಿ ಅಂಟಿಸಿದ್ದೇವೆ.

ಇನ್ನೊಬ್ಬ ರಿವ್ಯೂವರ್ ಆಕ್ಷೇಪವೂ ನ್ಯಾಯವೇ. ಜನ ತಮಗೆ ಹಿತವಾದದ್ದನ್ನೇ ಉಲ್ಲೇಖಿಸುತ್ತಾರೆ, ವಿರುದ್ಧ ಫಲಿತಾಂಶ ಮೂಲೆಗೆ ಬೀಳುತ್ತದೆ. ಗ್ರೀನ್‌ಬರ್ಗ್ 2009ರಲ್ಲಿ ಬಿಎಂಜೆಯಲ್ಲೇ ಇದನ್ನು ತೋರಿಸಿದ್ದಾರೆ. ಹಾಗಾಗಿ ಆರಂಭದ ಪೇಪರ್‌ಗಳಲ್ಲಿ ಅರ್ಧವನ್ನು ಬೇಕೆಂದೇ ಯಾರೂ ಕೇಳದವುಗಳಿಂದ ಆರಿಸಿದ್ದೆ: ಪಿಎಚ್‌ಡಿ ಥೀಸಿಸ್‌ಗಳು, 'ಏನೂ ವ್ಯತ್ಯಾಸ ಕಾಣಲಿಲ್ಲ' ಅಂತ ಬರೆದವು.

ಅದಕ್ಕಿಂತ ಕಷ್ಟದ್ದು ದ್ವೀಪಗಳು, ಅಂದರೆ ಒಬ್ಬರನ್ನೊಬ್ಬರು ಉಲ್ಲೇಖಿಸದ ಗುಂಪುಗಳು. ಅಲಾರಂ ಫಟೀಗ್‌ನವರ ಗುಂಪಿಗೂ ಮ್ಯಾಕ್‌ವರ್ತ್ ಗುಂಪಿಗೂ ನಮ್ಮ ಉಲ್ಲೇಖಗಳ ನಕ್ಷೆಯಲ್ಲಿ ಕೊಂಡಿಯೇ ಇರಲಿಲ್ಲ ಅನ್ನಬಹುದು. ಡಾನ್ ಸ್ವಾನ್ಸನ್ 1986ರಲ್ಲಿ ಮೀನೆಣ್ಣೆಯ ಪೇಪರ್‌ಗಳನ್ನೂ ಚಳಿಗೆ ಬೆರಳುಗಳ ರಕ್ತಸಂಚಾರ ಕುಗ್ಗುವ ರೇನೋ ಕಾಯಿಲೆಯ ಪೇಪರ್‌ಗಳನ್ನೂ ಜೋಡಿಸಿ ಓದಿದ್ದು ಇಂಥದ್ದೇ ಬಿರುಕಿನಲ್ಲಿ. ಒಂದು ದ್ವೀಪದಲ್ಲಿ ಎಷ್ಟು ಓಡಿದರೂ ಇನ್ನೊಂದು ಕಾಣುವುದಿಲ್ಲ. ದ್ವೀಪದಿಂದ ದ್ವೀಪಕ್ಕೆ ಹೋಗಲು ನಾನು ಎರಡು ಉಪಾಯ ಬಳಸಿದೆ. ಒಂದು ಹೇಳುತ್ತೇನೆ: ಪೇಪರ್ ಬಿಟ್ಟು, ಎರಡೂ ಕಡೆಯವರು ಬಳಸುವ ಅಳತೆಯ ಸಾಧನದ ಜಾಡು ಹಿಡಿಯಿರಿ. ಕೆಲಸದ ಹೊರೆ ಅಳೆಯುವ ನಾಸಾ-ಟಿಎಲ್‌ಎಕ್ಸ್ ಪ್ರಶ್ನಾವಳಿಯನ್ನು ನರ್ಸ್‌ಗಳಿಗೂ ಕೊಡುತ್ತಾರೆ, ಪೈಲಟ್‌ಗಳಿಗೂ ಕೊಡುತ್ತಾರೆ.

ಇನ್ನೊಂದು ಉಪಾಯ ಮುಂದಿನ ಪೇಪರ್‌ನಲ್ಲಿ ಬರುತ್ತದೆ. ಅಲ್ಲಿಯವರೆಗೆ ಕೇಳಬೇಡಿ. ಸ್ಕ್ರಿಪ್ಟ್ ಬೇಕಾದವರಿಗೆ ಈಗಲೇ ಕೊಡುತ್ತೇನೆ, ಅಷ್ಟೇನೂ ನೀಟಾಗಿಲ್ಲ, ಎಪಿಐ ಮಿತಿಗೆ ಸಿಕ್ಕಿಕೊಳ್ಳದ ಹಾಗೆ ನಡುವೆ ನಿಧಾನ ಮಾಡಿಸಿಕೊಳ್ಳಿ.