6 ವೋಲ್ಟಿನ ಹಳೆ ಫೋಕ್ಸ್‌ವ್ಯಾಗನ್ ಬೀಟಲ್‌ಗೆ 1600 ಸಿಸಿ ಎಂಜಿನ್ ಹಾಕಿದಾಗ: ಸ್ಟಾರ್ಟರ್, ಕಾರ್ಬೊರೇಟರ್ ತೊಂದರೆ

ಸ್ಟಾರ್ಟರ್ ಕರಕರ ಎಂದರೆ ಮೊದಲು ಫ್ಲೈವೀಲ್ (ಸ್ಟಾರ್ಟರ್ ತಿರುಗಿಸುವ ದೊಡ್ಡ ಹಲ್ಲುಚಕ್ರ) ಹಲ್ಲು ಎಣಿಸಿ. 6 ವೋಲ್ಟಿನದಕ್ಕೆ 109, 12 ವೋಲ್ಟಿನದಕ್ಕೆ 130. ಸ್ಟಾರ್ಟರಿನ ಪಿನಿಯನ್ (ಚಿಕ್ಕ ಹಲ್ಲುಚಕ್ರ) ಅದಕ್ಕೆ ಹೊಂದಲೇಬೇಕು. 12 ವೋಲ್ಟಿನ ದೊಡ್ಡ ಫ್ಲೈವೀಲ್ 6 ವೋಲ್ಟಿನ ಹಳೆ ಗೇರ್‌ಬಾಕ್ಸಿನ ಹೌಸಿಂಗ್‌ಗೆ ಒಳಗಡೆ ತಾಗುತ್ತದೆ, ಅಲ್ಲಿ ಅರೆದು ಜಾಗ ಮಾಡಬೇಕು. ಗೇರ್‌ಬಾಕ್ಸಿನಲ್ಲಿರುವ ಸ್ಟಾರ್ಟರ್ ಬುಷ್ಷನ್ನು (ಸ್ಟಾರ್ಟರ್ ಶಾಫ್ಟಿನ ತುದಿ ತಿರುಗುವ ಬಳೆ) ಬಹಳ ಜನ ಮರೆಯುತ್ತಾರೆ. ಅದು ಸವೆದಿದ್ದರೆ ಹೊಸ ಸ್ಟಾರ್ಟರೂ ಭಾರವಾಗಿ ತಿರುಗುತ್ತದೆ. ಕ್ರ್ಯಾಂಕ್ ಮಾಡುವಾಗ ಬ್ಯಾಟರಿ ಮೈನಸ್‌ಗೂ ಸ್ಟಾರ್ಟರ್ ಮೈಗೂ ನಡುವೆ ಅರ್ಧ ವೋಲ್ಟ್ ಮೀರಿದರೆ ಅರ್ಥ್ ಪಟ್ಟಿಯನ್ನು ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ ಬಿಗಿಯಿರಿ.

34 ಪಿಕ್ಟ್-3 ಕಾರ್ಬೊರೇಟರ್ ಇದ್ದು, ಎಂಜಿನ್ ಐಡಲ್‌ನಲ್ಲಿ ನಿಂತುಹೋಗುತ್ತಿದೆಯೇ? ಕೀ ತಿರುಗಿಸಿದಾಗ ಅದರ ಕಟ್‌ಆಫ್ ಸೊಲೆನಾಯ್ಡ್ (ಐಡಲ್‌ನ ಇಂಧನ ಬಿಡುವ ವಿದ್ಯುತ್ ವಾಲ್ವ್) ಟಿಕ್ ಎನ್ನಬೇಕು. ಎನ್ನದಿದ್ದರೆ ಅದಕ್ಕೆ 12 ವೋಲ್ಟ್ ಬರುತ್ತಿದೆಯೇ ನೋಡಿ. ಆಕ್ಸಿಲರೇಟರ್ ಒತ್ತಿದೊಡನೆ ತಡವರಿಸಿದರೆ ಜೆಟ್ ಬದಲಿಸಲು ಹೋಗಬೇಡಿ. 009 ಮಾದರಿಯ ಡಿಸ್ಟ್ರಿಬ್ಯೂಟರ್ ಇದ್ದರೆ ಕಾರಣ ಸಾಮಾನ್ಯವಾಗಿ ಅದೇ: ಅದಕ್ಕೆ ವ್ಯಾಕ್ಯೂಮ್ ಅಡ್ವಾನ್ಸ್ (ಕಾರ್ಬೊರೇಟರಿನ ನಿರ್ವಾತದಿಂದ ಕಿಡಿಯನ್ನು ಬೇಗ ಹಾರಿಸುವ ವ್ಯವಸ್ಥೆ) ಇಲ್ಲ. ಅದಿರುವ ಡಿಸ್ಟ್ರಿಬ್ಯೂಟರ್ ಹಾಕಿ.