ಬಿಸಿಲಲ್ಲಿ ನಿಂತ ನರಿಯ ನೆರಳು ಕೆಸರಾಗುತ್ತಿದ್ದದ್ದು ಹೀಗೆ ಸರಿಯಾಯಿತು

ಕಮಿಷನ್ (ಗ್ರಾಹಕರು ಹೇಳಿ ಬರೆಸಿದ) ಡಿಜಿಟಲ್ ಚಿತ್ರ: ಹುಲ್ಲುಗಾವಲಿನಲ್ಲಿ ಎರಡು ಕಾಲ ಮೇಲೆ ನಿಂತ, ಜಾಕೆಟ್ ತೊಟ್ಟ ನರಿ. ಹೊರಗಿನ ನೆರಳು ನೀಲಿ ಎಂದುಕೊಂಡು, ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ಲೇಯರ್‌ನಲ್ಲಿ ಗಾಢ ನೀಲಿ (ಕೆಂಪು 90, ಹಸಿರು 110, ನೀಲಿ 220) ಬಳಿದರೆ ಕಿತ್ತಳೆ ತುಪ್ಪಳ ಮಸಿ ಹಿಡಿದಂತಾಯಿತು.

ಕಾರಣ ಬರೀ ಲೆಕ್ಕ. ಮಲ್ಟಿಪ್ಲೈ ಎರಡು ಬಣ್ಣಗಳ ಪ್ರತಿ ಚಾನೆಲ್ (ಕೆಂಪು, ಹಸಿರು, ನೀಲಿ) ಗುಣಿಸಿ 255ರಿಂದ ಭಾಗಿಸುತ್ತದೆ. ಕಿತ್ತಳೆ (230, 120, 40) ಆ ನೀಲಿಯ ಕೆಳಗೆ (81, 52, 35) ಆಗುತ್ತದೆ; ಕೆಂಪು ಸತ್ತೇ ಹೋಯಿತು. ನೆರಳನ್ನು ನಸುಗೆಂಪು ನೇರಳೆಗೆ (190, 150, 200) ಬದಲಿಸಿದಾಗ (171, 71, 31) ಬಂತು: ಗಾಢ, ಆದರೆ ಜೀವಂತ.

ಅದೇ ನೇರಳೆ ಬಿಳಿ ಮೂತಿ, ಎದೆಯ ಮೇಲೆ ಹಾಗೇ ಎದ್ದು ಕಾಣುತ್ತದೆ, ಬಣ್ಣ ಚೆಲ್ಲಿದ ಹಾಗೆ. ಬಿಳಿ ಭಾಗಕ್ಕೆ ಬೇರೆ ಕ್ಲಿಪ್ಪಿಂಗ್ ಲೇಯರ್ (ಕೆಳಗಿನ ಲೇಯರ್‌ನ ಆಕಾರದೊಳಗೇ ಬಣ್ಣ ನಿಲ್ಲಿಸುವುದು), ತಿಳಿನೀಲಿ (165, 180, 215).

ಪಾತ್ರ ಅಂಟಿಸಿದಂತೆ ಕಾಣದಿರಲು ಗದ್ದ, ಹೊಟ್ಟೆ, ಬಾಲದ ಅಡಿಗೆ ಹುಲ್ಲಿನಿಂದ ಪುಟಿದ ಬೆಳಕಿನ ಹಸಿರು. ಸ್ಕ್ರೀನ್ ಮೋಡ್ (ಕೆಳಗಿನ ಬಣ್ಣವನ್ನು ತಿಳಿಯಾಗಿಸುವುದು), ಅಪಾಸಿಟಿ (ಬಣ್ಣದ ದಟ್ಟತೆ) 15-20%, ಮೃದು ಬ್ರಷ್. ಹೆಚ್ಚಾದರೆ ನರಿಗೆ ಪಾಚಿ ಕಟ್ಟುತ್ತದೆ! ಬಿಸಿಲಿನ ನೆರಳಿನ ಅಂಚು ಮಾತ್ರ ಗಟ್ಟಿಯಾಗಿರಲಿ.

ಮೂಲ ಬಣ್ಣದ ಲೇಯರ್ ಮುಟ್ಟಬೇಡಿ. ಗ್ರಾಹಕರು ಪಾತ್ರದ ಸರಿಯಾದ ಬಣ್ಣಗಳನ್ನು ತೋರಿಸುವ ರೆಫರೆನ್ಸ್ ಶೀಟ್‌ಗೆ ಹೋಲಿಸಿ ನೋಡುವುದು ಅದನ್ನೇ.