ಪಾಸಿಟ್ರಾನ್ ಚದುರುವಿಕೆ: ಅಳತೆ ಮತ್ತು ಲೆಕ್ಕವನ್ನು ಒಂದೇ ಕೋನಕ್ಕೆ ತರುವ ಬಗೆ

ಪಾಸಿಟ್ರಾನ್ (ಎಲೆಕ್ಟ್ರಾನಿನ ಧನಾವೇಶದ ಪ್ರತಿಕಣ) ಅಣುವಿನಿಂದ ಚದುರುವ ಕ್ರಾಸ್ ಸೆಕ್ಷನ್‌ನಲ್ಲಿ, ಅಂದರೆ ಚದುರುವ ಸಂಭವವನ್ನು ವಿಸ್ತೀರ್ಣವಾಗಿ ಹೇಳುವ ಸಂಖ್ಯೆಯಲ್ಲಿ, ಲೆಕ್ಕಕ್ಕೂ ಅಳತೆಗೂ ತಾಳೆಯಾಗದಿದ್ದಾಗ ನಾನು ಮೊದಲು ನೋಡುವುದು ಕೋನವನ್ನು. ಸಿದ್ಧಾಂತದವರು 0ಯಿಂದ 180 ಡಿಗ್ರಿವರೆಗೆ ಎಲ್ಲವನ್ನೂ ಕೂಡಿಸಿರುತ್ತಾರೆ. ಮುಂದಕ್ಕೆ ಸ್ವಲ್ಪವೇ ಬಾಗಿದ ಕಣವಾದರೋ ಉಪಕರಣದ ಪಾಲಿಗೆ ಚದುರದ ಕಣವೇ. ನೀರಿನಂಥ ಧ್ರುವೀಯ ಅಣುವಿನಲ್ಲಿ ಇದೊಂದೇ ಕಾರಣಕ್ಕೆ ಎರಡೂ ಸಂಖ್ಯೆಗಳು ಹಲವು ಪಟ್ಟು ದೂರ ನಿಲ್ಲಬಲ್ಲವು.

ಕಿರಣದ ಮೂಲ ಸೋಡಿಯಂ-22, ಅರ್ಧಾಯುಷ್ಯ 2.6 ವರ್ಷ. ಹೊರಬರುವ ಪಾಸಿಟ್ರಾನ್‌ಗಳ ಶಕ್ತಿ 0.546 ಮೆಗಾ ಎಲೆಕ್ಟ್ರಾನ್ ವೋಲ್ಟ್‌ವರೆಗೂ ಹರಡಿರುತ್ತದೆ. ಅವನ್ನು ನಿಧಾನಗೊಳಿಸಲು ಟಂಗ್‌ಸ್ಟನ್ ಹಾಳೆ ಸಾಕು, ಆದರೆ ಹತ್ತು ಸಾವಿರಕ್ಕೆ ಒಂದರ ಆಸುಪಾಸು ಮಾತ್ರ ಕೈಗೆ ಸಿಗುತ್ತವೆ. 7 ಕೆಲ್ವಿನ್ ಸುಮಾರಿನಲ್ಲಿ ಗಟ್ಟಿಯಾಗಿಸಿದ ನಿಯಾನ್ ಪದರ ಹತ್ತಾರು ಪಟ್ಟು ಮೇಲು. ಅದರ ಕಿರಣದ ಶಕ್ತಿಹರವು ಸುಮಾರು 2 ಎಲೆಕ್ಟ್ರಾನ್ ವೋಲ್ಟ್ (ಮುಂದೆ ಇವಿ) ಇರುವುದರಿಂದ ಕಣಗಳನ್ನು ಹಿಡಿದು ತಣಿಸುವ, ಅನಿಲ ತುಂಬಿದ ಬಲೆಯೊಂದು ಬೇಕೇ ಬೇಕು.

ಬಲೆಗೆ ಸಾರಜನಕವನ್ನೇ ಆರಿಸುವುದಕ್ಕೆ ಕಾರಣವಿದೆ. ಅದರ ಎಲೆಕ್ಟ್ರಾನಿಕ್ ಉದ್ರೇಕ 8.55 ಇವಿಗೆ ಶುರುವಾಗುತ್ತದೆ, ಪಾಸಿಟ್ರೋನಿಯಂ (ಪಾಸಿಟ್ರಾನ್ ಅಣುವಿನ ಒಂದು ಎಲೆಕ್ಟ್ರಾನನ್ನು ಕಿತ್ತುಕೊಂಡು ಕಟ್ಟುವ ಜೋಡಿ) ರಚನೆ 8.78 ಇವಿಗೆ. ಹೆಚ್ಚಿನ ಅನಿಲಗಳಲ್ಲಿ ಪಾಸಿಟ್ರೋನಿಯಂ ಮೊದಲು ತೆರೆದುಕೊಂಡು ಕಣಗಳನ್ನು ನುಂಗಿಬಿಡುತ್ತದೆ. ಕೊನೆಯ ಹಂತಕ್ಕೆ ಸ್ವಲ್ಪ ಕಾರ್ಬನ್ ಟೆಟ್ರಾಫ್ಲೋರೈಡ್ ಬಿಟ್ಟರೆ ಅದರ ಕಂಪನಗಳೇ ಪಾಸಿಟ್ರಾನ್‌ಗಳನ್ನು ಕೋಣೆಯ ಉಷ್ಣತೆಗೆ ಇಳಿಸುತ್ತವೆ. ಆಮೇಲೆ ಬಲೆಯ ತಳದ ವೋಲ್ಟೇಜನ್ನು ನಿಧಾನವಾಗಿ ಏರಿಸಿ ಕಣಗಳನ್ನು ಹೊರಚೆಲ್ಲಬೇಕು. ಅವಸರಪಟ್ಟರೆ 50 ಮಿಲಿ ಇವಿ ಇರಬೇಕಾದ ಹರವು ಹಿಗ್ಗಿಬಿಡುತ್ತದೆ.

ಅಳೆಯಬೇಕಾದ ಅನಿಲವಿರುವ ಚದುರಿಕೆ ಕೋಶದ ಉದ್ದ 20 ಸೆಂಟಿಮೀಟರ್, ಎರಡೂ ತುದಿಗೆ 5 ಮಿಲಿಮೀಟರ್ ರಂಧ್ರ, ಸುತ್ತ 500 ಗಾಸ್ ಕಾಂತಕ್ಷೇತ್ರ. ಕಿರಣದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಚದುರಲು ಬಿಡಬಾರದು, ಬಿಟ್ಟರೆ ಒಂದೇ ಕಣ ಎರಡು ಸಲ ಡಿಕ್ಕಿ ಹೊಡೆಯುವುದು ಲೆಕ್ಕ ಕೆಡಿಸುತ್ತದೆ. ಕ್ರಾಸ್ ಸೆಕ್ಷನ್ 10 ಚದರ ಆಂಗ್‌ಸ್ಟ್ರಾಮ್ ಇದ್ದರೆ ಇದಕ್ಕೆ 0.02 ಪ್ಯಾಸ್ಕಲ್ ಸಾಕು. ಒತ್ತಡಮಾಪಕದ ತಲೆ 45 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ, ಕೋಶ 22ರಲ್ಲಿ. ಈ ವಿರಳ ಒತ್ತಡದಲ್ಲಿ ಮಾಪಕದ ಸಂಖ್ಯೆಯನ್ನು ಎರಡು ಉಷ್ಣತೆಗಳ ಅನುಪಾತದ ವರ್ಗಮೂಲದಿಂದ, ಅಂದರೆ 0.963ರಿಂದ, ಗುಣಿಸಬೇಕು. ಇದನ್ನು ಬಿಟ್ಟರೆ ಎಲ್ಲ ಫಲಿತಾಂಶವೂ ಶೇ 4ರಷ್ಟು ಕೆಳಗೆ ಜಾರುತ್ತದೆ, ಅದೂ ಸದ್ದಿಲ್ಲದೆ. ದ್ರವಗಳ ಆವಿ ಬಳಸುವಾಗ ಮಾದರಿಯನ್ನು ಹೆಪ್ಪುಗಟ್ಟಿಸಿ, ಪಂಪ್ ಮಾಡಿ, ಕರಗಿಸುವುದನ್ನು ಮೂರು ಸಲವಾದರೂ ಮಾಡಬೇಕು. ನೀರು ಗೋಡೆಗೆ ಅಂಟುತ್ತದೆ, ಆದ್ದರಿಂದ ಒತ್ತಡ ನೆಲೆಗೊಳ್ಳುವವರೆಗೆ ಎಣಿಕೆ ಶುರುಮಾಡಬಾರದು. ಅಂಟಿದ ಆವಿಯಿಂದ ಲೋಹದ ಮೇಲ್ಮೈ ವಿಭವವೂ ಬದಲಾಗುವುದರಿಂದ ಶಕ್ತಿಯ ಸೊನ್ನೆಯನ್ನು ಅನಿಲ ಬದಲಿಸಿದಾಗಲೆಲ್ಲ ಹೊಸದಾಗಿ ಅಳೆಯುತ್ತೇನೆ.

ಎಣಿಕೆಗಳು ಮೂರು. ಅನಿಲ ಹಾಗೆಯೇ ಇರಲಿ. ಕೋಶದ ವೋಲ್ಟೇಜ್ ಬದಲಿಸಿ ಕಣಶಕ್ತಿಯನ್ನು ಪಾಸಿಟ್ರೋನಿಯಂ ಹೊಸ್ತಿಲ ಕೆಳಗಿಟ್ಟು ಮೊದಲ ಎಣಿಕೆ ತೆಗೆದುಕೊಳ್ಳಬೇಕು, ಇದು ಪೂರ್ಣ ಕಿರಣ. ಬೇಕಾದ ಶಕ್ತಿಗೆ ಮರಳಿ, ತಡೆ ವಿಶ್ಲೇಷಕವನ್ನು (ನಿಗದಿತ ಶಕ್ತಿಗಿಂತ ಕಡಿಮೆ ಇರುವ ಕಣಗಳನ್ನು ತಡೆಯುವ ವೋಲ್ಟೇಜ್ ಬೇಲಿ) ಪೂರ್ತಿ ತೆರೆದಿಟ್ಟರೆ ಕಾಣುವ ಇಳಿಕೆ ಪಾಸಿಟ್ರೋನಿಯಂ ಆಗಿ ಕಳೆದುಹೋದದ್ದು. ಕೊನೆಗೆ ವಿಶ್ಲೇಷಕವನ್ನು ಕಿರಣಶಕ್ತಿಗಿಂತ 100 ಮಿಲಿ ಇವಿ ಕೆಳಗೆ ನಿಲ್ಲಿಸಿದರೆ ಚದುರದೆ ಉಳಿದದ್ದು ಸಿಗುತ್ತದೆ. ಮೊದಲನೆಯದಕ್ಕೂ ಇದಕ್ಕೂ ಇರುವ ಅನುಪಾತದ ಲಾಗರಿದಮ್‌ನಿಂದ ಒಟ್ಟು ಕ್ರಾಸ್ ಸೆಕ್ಷನ್ ಬರುತ್ತದೆ. ನೀರಿನ ಅಯಾನೀಕರಣ ಶಕ್ತಿ 12.62 ಇವಿ, ಅದರಲ್ಲಿ ಪಾಸಿಟ್ರೋನಿಯಂನ ಬಂಧನಶಕ್ತಿ 6.80 ಕಳೆದರೆ ಹೊಸ್ತಿಲು 5.82. ಅದಕ್ಕೂ ಕೆಳಗಿನ ಶಕ್ತಿಯಲ್ಲಿ ‘ಪಾಸಿಟ್ರೋನಿಯಂ’ ಕಂಡುಬಂದರೆ ಅದು ಭೌತಶಾಸ್ತ್ರವಲ್ಲ, ಕಾಂತಕ್ಷೇತ್ರದ ಸುತ್ತ ಕಣ ಸುತ್ತುವ ಸುರುಳಿ ಅಗಲವಾಗಿ ಕಣಗಳು ರಂಧ್ರದ ಅಂಚಿಗೆ ಬಡಿಯುತ್ತಿವೆ. 500 ಗಾಸ್‌ನಲ್ಲಿ 10 ಇವಿ ಕಣ 90 ಡಿಗ್ರಿಗೆ ಚದುರಿದರೆ ಸುರುಳಿಯ ತ್ರಿಜ್ಯ 0.2 ಮಿಲಿಮೀಟರ್ ಅಷ್ಟೇ, ಹಾಗಾಗಿ ಸಾಮಾನ್ಯವಾಗಿ ತಪ್ಪಿರುವುದು ಕಿರಣದ ಜೋಡಣೆ.

ಈಗ ಕೋನದ ವಿಷಯ. ವಿಶ್ಲೇಷಕ ಅಳೆಯುವುದು ಕಾಂತಕ್ಷೇತ್ರದ ದಿಕ್ಕಿನ ಶಕ್ತಿಯನ್ನು ಮಾತ್ರ. 1 ಇವಿ ಕಣ 18 ಡಿಗ್ರಿ ಚದುರಿದರೆ ಆ ದಿಕ್ಕಿನಲ್ಲಿ ಕಳೆಯುವುದು ಸುಮಾರು 100 ಮಿಲಿ ಇವಿ. ಅದಕ್ಕಿಂತ ಕಡಿಮೆ ಬಾಗಿದ್ದೆಲ್ಲ ಚದುರದ ಲೆಕ್ಕಕ್ಕೇ ಸೇರುತ್ತದೆ. 10 ಇವಿಯಲ್ಲಿ ಈ ಮಿತಿಕೋನ 6 ಡಿಗ್ರಿಗೆ ಇಳಿಯುತ್ತದೆ. ಹಿಂದಕ್ಕೆ ಚದುರಿದ ಕಣಗಳು ಬಲೆಯ ಬಳಿ ಪ್ರತಿಫಲಿಸಿ ಮತ್ತೆ ಬರುವುದರಿಂದ 180 ಡಿಗ್ರಿಯ ಸುತ್ತಲೂ ಅಷ್ಟೇ ಅಗಲದ ಕುರುಡು ಪ್ರದೇಶವಿದೆ. ನೀರಿನ ದ್ವಿಧ್ರುವ ಮಹತ್ತ್ವ 1.85 ಡಿಬೈ. ಮೊದಲ ಬಾರ್ನ್ ಅಂದಾಜಿನಲ್ಲಿ (ಬಲ ದುರ್ಬಲವೆಂದುಕೊಂಡು ಮಾಡುವ ಸರಳ ಲೆಕ್ಕ) 4.6 ಮಿಲಿ ಇವಿಯ ಆವರ್ತನ ಜಿಗಿತವನ್ನು (ಅಣು ತಿರುಗುವ ಸ್ಥಿತಿಯ ಬದಲಾವಣೆಯನ್ನು) 1 ಇವಿಯಲ್ಲಿ ಲೆಕ್ಕ ಹಾಕಿದರೆ ಕ್ರಾಸ್ ಸೆಕ್ಷನ್‌ನ ಸುಮಾರು ಮುಕ್ಕಾಲು ಪಾಲು ಈ ಕುರುಡು ಪ್ರದೇಶದಲ್ಲೇ ಬೀಳುತ್ತದೆ!

ಲೆಕ್ಕದ ಕಡೆ ನಾನು ಬಳಸುವುದು ಆರ್-ಮ್ಯಾಟ್ರಿಕ್ಸ್ ವಿಧಾನ (ಅಣುವಿನ ಸುತ್ತ ಗೋಳವೊಂದನ್ನು ಎಳೆದು, ಒಳಗಿನ ಮತ್ತು ಹೊರಗಿನ ಲೆಕ್ಕವನ್ನು ಬೇರೆ ಮಾಡಿ ಜೋಡಿಸುವುದು). ಎಲೆಕ್ಟ್ರಾನ್ ಚದುರುವಿಕೆಗೆ ಬರೆದ ಪ್ರೋಗ್ರಾಮಿನಲ್ಲಿ ವಿನಿಮಯ ಪದಗಳನ್ನು (ಒಂದೇ ಬಗೆಯ ಕಣಗಳ ಅದಲುಬದಲಿನಿಂದ ಬರುವವು) ತೆಗೆದು, ಪಾಸಿಟ್ರಾನ್‌ಗೆ ಸಂಬಂಧಿಸಿದ ಎಲ್ಲ ಕೂಲಂಬ್ ಪದಗಳ ಚಿಹ್ನೆ ತಿರುಗಿಸಬೇಕು. ಅಷ್ಟು ಸುಲಭ. ಕಷ್ಟ ಶುರುವಾಗುವುದು ಆಮೇಲೆ. ಅಣುವಿನ ಸ್ಥಿರ ವಿಭವ ಪಾಸಿಟ್ರಾನನ್ನು ದೂರ ತಳ್ಳುತ್ತದೆ, ಅದು ಬಂದಾಗ ಅಣುವಿನ ಎಲೆಕ್ಟ್ರಾನ್ ಮೋಡ ಅದರತ್ತ ಸರಿಯುವ ಧ್ರುವೀಕರಣ ಎಳೆಯುತ್ತದೆ, ಉತ್ತರ ನಿಂತಿರುವುದು ಇವೆರಡರ ವ್ಯತ್ಯಾಸದ ಮೇಲೆ. ಎಲೆಕ್ಟ್ರಾನ್ ಪಾಸಿಟ್ರಾನ್‌ಗೆ ತೀರ ಹತ್ತಿರ ಬಂದು ಕೂಡುವುದನ್ನು ಅಣುವಿನ ಮೇಲೆ ಕೇಂದ್ರಿತವಾದ ಕಕ್ಷಕಗಳಿಂದ ತೋರಿಸಲು ತುಂಬಾ ಉನ್ನತ ಕೋನೀಯ ಸಂವೇಗ ಬೇಕಾಗುತ್ತದೆ, ಒಮ್ಮುಖತೆ ಆಮೆಗತಿಯದು. ಹಾಗಾಗಿ ಚದುರುವಿಕೆಗೆ ಕೈಹಾಕುವ ಮುನ್ನ ಹುಸಿಸ್ಥಿತಿಗಳ (ಅಣುವಿನ ಅಸಂಖ್ಯ ಉದ್ರಿಕ್ತ ಸ್ಥಿತಿಗಳ ಬದಲಿಗೆ ಲೆಕ್ಕದಲ್ಲಿ ಬಳಸುವ ಕೃತಕ ಸ್ಥಿತಿಗಳು) ಗುಂಪು ಅಣುವಿನ ಧ್ರುವೀಕರಣಶೀಲತೆಯನ್ನು ಎಷ್ಟು ಕೊಡುತ್ತದೆ ಎಂದು ನೋಡುತ್ತೇನೆ. ಸಾರಜನಕಕ್ಕೆ 11.7 ಪರಮಾಣು ಮಾನ ಬರಬೇಕು. ಆ ಸಂಖ್ಯೆ ಬಂದಿತೆಂದು ನಿರಾಳರಾಗುವಂತಿಲ್ಲ, ಅದು ದೂರದ ಎಳೆತಕ್ಕಷ್ಟೇ ಸಾಕ್ಷಿ. ಧ್ರುವೀಯ ಅಣುವಾದರೆ ನ್ಯೂಕ್ಲಿಯಸ್‌ಗಳನ್ನು ಅಲುಗಾಡದಂತೆ ಹಿಡಿದ ಲೆಕ್ಕದಲ್ಲಿ ಮೊತ್ತ ಅನಂತಕ್ಕೆ ಓಡುತ್ತದೆ. ಆವರ್ತನ ಶಕ್ತಿಗಳನ್ನು ಸೇರಿಸಿ, ಉನ್ನತ ಕೋನೀಯ ಸಂವೇಗದ ಅಲೆಗಳ ಪಾಲನ್ನು ಬಾರ್ನ್ ಅಂದಾಜಿನಿಂದ ತುಂಬಬೇಕು.

ಹೋಲಿಸುವಾಗ ಅಳತೆಗೆ ತಿದ್ದುಪಡಿ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ತಿದ್ದುಪಡಿ ಬರುವುದು ಯಾವುದೋ ಸಿದ್ಧಾಂತದಿಂದಲೇ. ಅದನ್ನು ಸೇರಿಸಿದ ಅಳತೆಯಿಂದ ಸಿದ್ಧಾಂತವನ್ನು ಪರೀಕ್ಷಿಸುವುದೆಂದರೆ ಸುತ್ತಿ ಬಂದು ಅಲ್ಲೇ ನಿಂತಂತೆ. ಅದರ ಬದಲು ಕೋನವಾರು ಕ್ರಾಸ್ ಸೆಕ್ಷನ್ನನ್ನು ಮಿತಿಕೋನದಿಂದ 180 ಕಳೆ ಮಿತಿಕೋನದವರೆಗೆ ಮಾತ್ರ ಕೂಡಿಸಿ, ಕಿರಣದ ಶಕ್ತಿಹರವಿನೊಂದಿಗೆ ಸರಾಸರಿ ಮಾಡುತ್ತೇನೆ. ಮಿತಿಕೋನ ಶಕ್ತಿಯೊಂದಿಗೆ ಬದಲಾಗುವುದರಿಂದ ಪ್ರತಿ ಶಕ್ತಿಗೂ ಬೇರೆ ಕತ್ತರಿ. ಇದು ಸಾಧ್ಯವಾಗಬೇಕಾದರೆ ಅಳೆಯುವವರು ಕೋಷ್ಟಕದ ಪ್ರತಿ ಸಾಲಿನಲ್ಲೂ ಮಿತಿಕೋನ ಕೊಡಬೇಕು, ಲೆಕ್ಕದವರು 20 ಡಿಗ್ರಿಯ ಕೆಳಗೆ ಅರ್ಧ ಡಿಗ್ರಿ ಅಂತರದಲ್ಲಿ ಸಂಖ್ಯೆಗಳನ್ನು ಕೊಡಬೇಕು. 5 ಡಿಗ್ರಿಗೊಂದು ಸಂಖ್ಯೆ ಕೊಟ್ಟ ಕೋಷ್ಟಕದಿಂದ ಈ ಕತ್ತರಿಕೆ ಮಾಡಿದರೆ ವಕ್ರರೇಖೆ ಅತಿ ಕಡಿದಾಗಿರುವ ಜಾಗದಲ್ಲೇ ತಪ್ಪು ಬೆಳೆಯುತ್ತದೆ.